ಹಿಂದಿನ ಗಾಲಿಗೆ ತೂಕ

ಇಂಗ್ಲೆಂಡಿನ ಹ್ಯಾರೋದ ನಮ್ಮ ಮನೆಯಿಂದ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಒಂದು ಇಳಿಜಾರು ಹುಲ್ಲುಗಾವಲು ಸಿಗುತ್ತದೆ. ಜಾಗ ಕೌನ್ಸಿಲ್‌ನದು, ನೋಡಿಕೊಳ್ಳುವವರು ಅಕ್ಕಪಕ್ಕದ ನಾವೇ ಕೆಲವರು. ವಾರವೆಲ್ಲ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ನಾನು ಶನಿವಾರ ಅಲ್ಲಿ ಹುಲ್ಲು ಒಟ್ಟುತ್ತಿದ್ದೆ. ಆ ಬೇಸಿಗೆ ಧಾರವಾಡದ ಕಡೆಯಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಹೋದೆ.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಬಿಸಿಲು ಅದರೊಳಗೆ ಹಾಲಿನಂತೆ ಬೆರೆತಿತ್ತು. ಎಲ್ಲೋ ರೈಲು ಹೋದ ಸದ್ದು ಬಂತು, ರೈಲು ಮಾತ್ರ ಕಾಣಲಿಲ್ಲ. ನಮ್ಮ ಗುಂಪಿನ ಹಿರಿಯರು, ನಿವೃತ್ತ ಇಂಗ್ಲಿಷ್ ಮೆಕ್ಯಾನಿಕ್, ಹಿಂದಿನ ದಿನ ಕಟ್ಟಿದ್ದ ಹುಲ್ಲಿನ ದೊಡ್ಡ ಉರುಳೆಯನ್ನು ಟ್ರ್ಯಾಕ್ಟರಿನ ಮುಂಭಾಗದಲ್ಲಿ ಎತ್ತಿಕೊಂಡು ಏರು ಹತ್ತಲು ಹೊರಟರು. ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು. ಅವರು ಉರುಳೆ ಇಳಿಸಿ ಎಂಜಿನ್ ಆರಿಸಿದರು.

ಅತ್ತೆ ಮಂಜಿನೊಳಗೆ ನಡೆದು ಹೋಗಿ ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟರು.

"ಹಿಂದ ಭಾರ ಸಾಲವಲ್ದು. ಟೈರಿನಾಗ ಮುಕ್ಕಾಲು ಮಟ ನೀರು ತುಂಬಸ್ಬೇಕು. ನಾನು ಹಂಗ ಮಾಡ್ತಿದ್ದೆ."

"ನೀವಾ? ಯಾವಾಗ್ರಿ ಅತ್ತಿ?"

"ನಿಮ್ಮ ಮಾವಾರು ಕಾಲು ಮುರ್ಕೊಂಡಾಗ. ಎರಡು ಹಂಗಾಮು ಟ್ರ್ಯಾಕ್ಟರ್ ನಾನ ಹೊಡದೇನಿ."

ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಈ ಮಾತು ನನಗೆ ಗೊತ್ತೇ ಇರಲಿಲ್ಲ, ನಾನಾಗಿ ವಿಚಾರಿಸಿಯೂ ಇರಲಿಲ್ಲ. ನಾಚಿಕೆಯಾಯಿತು.

ಅತ್ತೆಯ ಸಲಹೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯರು ಗಮನವಿಟ್ಟು ಕೇಳಿದರು. "ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಇಲ್ಲಿ ಚಳಿಗೆ ನೀರು ಗಟ್ಟಿಯಾಗುತ್ತೆ. ಅಲ್ಲದೆ ಒಮ್ಮೆ ತುಂಬಿದರೆ ಆ ಭಾರ ಸದಾ ಟ್ರ್ಯಾಕ್ಟರಿನ ಜೊತೆಗೇ ಇರುತ್ತೆ. ಕಾಡುಹೂವಿನ ನೆಲ ಇದು, ಅದುಮಿಹೋಗುತ್ತೆ."

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತೆ ಕುಕ್ಕರಗಾಲಿನಲ್ಲಿ ಕೂತು ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಹೊಸಕಿದರು.

"ಖರೆ ಐತಿ. ನೆಲ ಭಾಳ ಮೆತ್ತಗದ. ಹಂಗಾರ ಟೈರಿಗೆ ಬ್ಯಾಡ. ಹಿಂದ ಏನರ ತೂಕ ಕಟ್ರಿ, ಕೆಲಸ ಮುಗಿದ ಮ್ಯಾಲೆ ಬಿಚ್ಚಿದ್ರಾತು."

ನಾನು ಅದನ್ನೂ ತಿಳಿಸಿದಾಗ ಹಿರಿಯರು ಒಪ್ಪಿ ತಲೆಯಾಡಿಸಿದರು. ಮುಂದಿನ ಶನಿವಾರ ಬರುವಷ್ಟರಲ್ಲಿ ಹಳೆಯ ಡ್ರಮ್ಮಿನಲ್ಲಿ ಸಿಮೆಂಟು ಹೊಯ್ದು, ಕೊಂಡಿ ಕೂರಿಸಿ, ಟ್ರ್ಯಾಕ್ಟರಿನ ಹಿಂದೆ ತೂಗುಹಾಕಿದ್ದರು. ಈ ಸಲ ಗಾಲಿಗಳು ನೆಲ ಕಚ್ಚಿ ಹಿಡಿದವು. ಉರುಳೆಗಳು ಒಂದೊಂದಾಗಿ ಏರು ಹತ್ತಿದವು.

ಎಲ್ಲ ಮುಗಿದು ಭಾರ ಕಳಚಿಟ್ಟ ಮೇಲೆ ಹಿರಿಯರು ಅತ್ತೆಗೆ ಸೀಟು ತೋರಿಸಿದರು. ಅತ್ತೆ ನನ್ನ ಮುಖ ನೋಡಲಿಲ್ಲ. ಸೆರಗು ಸಿಕ್ಕಿಸಿ ಹತ್ತಿ ಕೂತರು, ಕ್ಲಚ್ ಒತ್ತಿ ಗೇರು ಹುಡುಕಿದರು. ಹುಲ್ಲಿನ ಪರಿಮಳದಲ್ಲಿ, ಗಾಳಿಗೆ ತೇಲುತ್ತಿದ್ದ ಬಿಳಿ ಬೀಜಗಳ ನಡುವೆ, ಟ್ರ್ಯಾಕ್ಟರು ಹುಲ್ಲುಗಾವಲಿನ ಕೆಳಗಿನ ಸಮತಟ್ಟಿನಲ್ಲಿ ನಿಧಾನವಾಗಿ ಸುತ್ತು ಬಂತು. ನಾನು ಹಿಂದೆ ಹಿಂದೆ ನಡೆದೆ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದಂತಿತ್ತು.

ಇಳಿದವರು ಅಂಗೈ ಒರೆಸಿಕೊಳ್ಳುತ್ತ ಕೇಳಿದರು, "ನಾಳೆನೂ ಬರೂಣೇನು?"

"ನಾಳೆ ಇಲ್ರಿ, ಮುಂದಿನ ಶನಿವಾರ."

ವೀಸಾ ಮುಗಿಯುವವರೆಗೆ ಅತ್ತೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.