ಟವೆಲ್ ಎಸೆಯುವುದು ಬೇಡ ಎಂದಿದ್ದರು ಡಾಕ್ಟರು

ಗಿರಿಜಕ್ಕ, ನಿಮ್ಮ ಅವ್ವ ಉಳಿಯುವ ಆಸೆಯನ್ನು ಡಾಕ್ಟರು ಬಿಟ್ಟಿರಲಿಲ್ಲ. ಬಿಟ್ಟವಳು ನಾನು. ಆರು ವರ್ಷದಿಂದ ಈ ಮಾತನ್ನು ಬಾಯಲ್ಲಿ ಅವುಚಿಕೊಂಡೇ ದೇವರ ಮುಂದೆ ದೀಪ ಹಚ್ಚಿದ್ದೇನೆ — ನನಗೆ ನಾನೇ ಹೇಸಿಗೆ.

ಆವತ್ತು ಹೊನ್ನಾಳಿಯ ಆಸ್ಪತ್ರೆಯಲ್ಲಿ ನೀವು ಅತ್ತೆಯ ಕಾಲೊತ್ತುತ್ತಾ ಕೂತಿದ್ದಿರಿ. ಕನ್ನಡ ಬಾರದ ಆ ಡಾಕ್ಟರು ನನ್ನ ಕಡೆ ತಿರುಗಿ, "ಲೆಟ್ ಅಸ್ ನಾಟ್ ಥ್ರೋ ಇನ್ ದಿ ಟವೆಲ್ ಯೆಟ್" ಎಂದರು. ಬಾಕ್ಸಿಂಗಿನಲ್ಲಿ ಸೋಲೊಪ್ಪಿಕೊಳ್ಳುವವರು ಟವೆಲ್ ಎಸೆಯುತ್ತಾರೆ. ಈಗಲೇ ಆಸೆ ಬಿಡುವುದು ಬೇಡ ಎಂದರ್ಥ. ಪಿಯುಸಿಯಲ್ಲಿ ಓದಿದ್ದೆ. ಚೆನ್ನಾಗಿ ಗೊತ್ತಿತ್ತು.

"ಏನಂತಾರೆ ಸುಮಾ? ದಾವಣಗೆರೆಗೆ ಕರ್ಕಂಡು ಹೋಗಾಣೇನು?" ಅಂದಿರಿ.

"ಕೈ ಚೆಲ್ಲಿದಾರೆ ಅಕ್ಕ. ಮನೆಗೆ ಕರ್ಕಂಡು ಹೋಗಾದೇ ಒಳ್ಳೇದು."

ನಿಮ್ಮ ತಮ್ಮ ನನ್ನ ಮಾತು ನಂಬಿ ಡಿಸ್ಚಾರ್ಜಿಗೆ ಸಹಿ ಹಾಕಿದರು. ನಾಲ್ಕು ತಿಂಗಳು ಹೇಲುಚ್ಚೆ ಬಳಿದ ಕೈ ನನ್ನದು, ಊಟಕ್ಕೆ ಕೂತರೂ ಅದೇ ವಾಸನೆ — ಬೇಡ. ಅದು ನೆಪ.

ಮನೆಗೆ ಬಂದ ಮೇಲೂ ಅತ್ತೆ ಗಂಜಿ ಕುಡಿಯುತ್ತಿದ್ದರು. ಆಮೇಲೆ ಕೊನೇ ಸಲ ಮುಖ ನೋಡಲು ಜನ ಬರತೊಡಗಿದರು, ಬ್ರೆಡ್ಡು ಬಾಳೆಹಣ್ಣು ಹಿಡಿದು. ಅತ್ತೆಯ ಜೊತೆ ಮಾತು ಬಿಟ್ಟಿದ್ದ ಅವರ ಉಬ್ರಾಣಿಯ ತಂಗಿಯೂ ಬಂದು ಮಂಚಕ್ಕೆ ತಲೆಯಿಟ್ಟು ಅತ್ತರು. ಅತ್ತೆ ನಕ್ಕುಬಿಟ್ಟರು. "ನೀನೂ ಬಂದ್ಯಾ? ಹಂಗಾರೆ ನಂದು ಮುಗೀತು ಬಿಡು."

ಅಲ್ಲಿಂದ ಚಮಚ ಹತ್ತಿರ ತಂದರೆ ತುಟಿ ಬಿಗಿಹಿಡಿದರು. ಐದನೇ ದಿನ ಹೋದರು.

ನರಳಲಿಲ್ಲ, ಎಲ್ಲರ ಮುಖ ನೋಡಿಕೊಂಡು ಹೋದರು, ಅಷ್ಟಾದರೂ ದೇವರು ಕರುಣೆ ತೋರಿದ — ಅದನ್ನೂ ಅವನ ದಯೆಗೆ ಸೇರಿಸಿದೆನಲ್ಲ, ಥೂ. ನೀವೋ ನನ್ನ ಕೈ ಹಿಡಿದು, "ನೀನು ಸೊಸೆ ಅಲ್ಲ, ಮಗಳು" ಎಂದಿರಿ. ನಾನು ಆ ಕೈ ಬಿಡಿಸಿಕೊಳ್ಳಲಿಲ್ಲ.

ಮೊನ್ನೆ ನನ್ನ ಮಗಳಿಗೆ ಹೋಮ್‌ವರ್ಕಿನಲ್ಲಿ ಅದೇ ನುಡಿಗಟ್ಟು, ಸ್ವಂತ ವಾಕ್ಯದಲ್ಲಿ ಬಳಸಬೇಕಂತೆ. ಅಜ್ಜಿಯ ವಿಷಯದಲ್ಲಿ ಅಮ್ಮ ಕೊನೆಯವರೆಗೂ ಟವೆಲ್ ಎಸೆಯಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. "ಸರಿ ಐತೇನಮ್ಮ?"

"ಸರಿ ಐತೆ" ಎಂದೆ. ಎಂದ ಬಾಯನ್ನು ಬಚ್ಚಲಿಗೆ ಹೋಗಿ ತೊಳೆದೆ.

ಇನ್ನೊಂದು ಸುಳ್ಳು ಬೇಡ. ಈ ಕಾಗದ ಹಿಡಿದು ನಾಳೆ ನಾನೇ ಸಂತೇಬೆನ್ನೂರಿಗೆ ಬರುತ್ತೇನೆ. ನೀವು ಓದಿ ಮುಗಿಸುವವರೆಗೂ ಹೊಸ್ತಿಲಾಚೆ ನಿಂತಿರುತ್ತೇನೆ. ಒಳಗೆ ಬಾ ಅನ್ನಬೇಡಿ.