ಗೆರೆಯ ಮೇಲಿನ ಇಪ್ಪತ್ತು

ಗುರುವಾರ ಬೆಳಿಗ್ಗೆ ವಾಮದಪದವಿನ ಮನೆಯ ಅಡುಗೆಕೋಣೆಯಲ್ಲಿ ಫಾಹಿಮಾ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕೂತಿದ್ದಳು. ಬಿ.ಕಾಂ. ಮೊದಲ ವರ್ಷದ ಸಂಖ್ಯಾಶಾಸ್ತ್ರದ ಆನ್‌ಲೈನ್ ತರಗತಿ ಮುಗಿಯುತ್ತಿತ್ತು. "ಅರ್ಥ ಆಯ್ತಾ?" ಎಂದರು ಶಶಿಪ್ರಭಾ ಮೇಡಂ. ಪರದೆಯ ಮೇಲೆ ಎಂಬತ್ತೈದು ಮಂದಿಯ "ಆಯ್ತು ಮೇಡಂ" ಸಾಲುಗಟ್ಟಿತು. ಫಾಹಿಮಾಳದೂ ಅದರಲ್ಲಿ ಸೇರಿತ್ತು. ಪಾಠ ಅವಳಿಗೆ ನಿಜಕ್ಕೂ ಅರ್ಥವಾಗಿತ್ತು. ಉತ್ತರ ಮಾತ್ರ ಯಾಕೆ ತಪ್ಪುತ್ತದೆಂದು ತಿಳಿಯುತ್ತಿರಲಿಲ್ಲ.

ಎರಡು ಕಿರುಪರೀಕ್ಷೆಗಳಲ್ಲಿ ನಪಾಸಾಗಿದ್ದಳು. ಉತ್ತರ ತುಂಬಿಸಿದರೆ ಕಂಪ್ಯೂಟರೇ ಅಂಕ ಕೊಡುತ್ತಿತ್ತು. ತಪ್ಪಾದರೆ ಒಂದು ಕೆಂಪು ಗುರುತು, ಅಷ್ಟೆ. ಶನಿವಾರದ ಮೂರನೆಯದೂ ಕೈಕೊಟ್ಟರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಪಿಯುಸಿ ಮುಗಿಸಿ ಎರಡು ವರ್ಷ ಅವಳು ತಾಯಿ ಖದೀಜರ ಜೊತೆ ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳನ್ನು ಗಾತ್ರ ನೋಡಿ ಬೇರ್ಪಡಿಸುತ್ತಿದ್ದಳು. ಸೋಮವಾರದಿಂದ ಮತ್ತೆ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿದ್ದಳು.

ಎಲ್ಲರೂ ತರಗತಿಯಿಂದ ಹೊರಹೋದ ಮೇಲೆ ಮೈಕ್ ತೆರೆದಳು. "ಮೇಡಂ, ನಾನು ಕೋರ್ಸ್ ಬಿಡ್ತೇನೆ. ಹೇಳದೆ ಹೋಗುವುದು ಸರಿಯಲ್ಲ ಅಂತ..."

"ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ! ನಿನ್ನ ಸ್ವರ ಕೇಳುವುದೇ ಇವತ್ತು. ಲೆಕ್ಕ ಮಾಡಿದ ಪುಸ್ತಕ ಉಂಟಲ್ಲ? ಎಲ್ಲ ಪುಟದ ಫೋಟೋ ಕಳಿಸು."

ಹದಿನಾಲ್ಕು ಪುಟ ಕಳಿಸಿದಳು. ಸಂಜೆ ಮೇಡಂ ಫೋನ್ ಮಾಡಿದಾಗ ಖದೀಜ ಕೆಲಸದಿಂದ ಬಂದು ಪಕ್ಕದಲ್ಲೇ ಕೂತಿದ್ದರು; ಫಾಹಿಮಾ ಸ್ಪೀಕರ್ ಹಾಕಿದಳು.

"ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಸರಿ ಉಂಟು. ಮೂವತ್ತು ಮಕ್ಕಳ ಅಂಕದ ಲೆಕ್ಕ ನೋಡು. ಮೂವರಿಗೆ ಸರಿಯಾಗಿ ಇಪ್ಪತ್ತು. ಅವರನ್ನು ಹತ್ತರಿಂದ ಇಪ್ಪತ್ತರ ಗುಂಪಿಗೆ ಯಾಕೆ ಹಾಕಿದೆ? ಇಪ್ಪತ್ತರಿಂದ ಮೂವತ್ತರದ್ದಕ್ಕಲ್ವಾ ಹೋಗಬೇಕಾದ್ದು?"

"ಗೆರೆಯ ಮೇಲೆ ಇದ್ದದ್ದು ಕೆಳಗಿನದಕ್ಕಲ್ವಾ ಮೇಡಂ?"

"ಯಾರು ಹೇಳಿದ್ದು?"

ಫಾಹಿಮಾ ತಾಯಿಯ ಮುಖ ನೋಡಿದಳು. ಫ್ಯಾಕ್ಟರಿಯ ಮೇಜಿನಲ್ಲಿ ಎರಡು ಗಾತ್ರದ ನಡುವೆ ನಿಂತ ತಿರುಳನ್ನು ಯಾರೂ ಮೇಲಿನ ದರ್ಜೆಗೆ ಹಾಕುವುದಿಲ್ಲ. ಅವಳ ಬೆರಳು ಪುಸ್ತಕದಲ್ಲೂ ಅದನ್ನೇ ಮಾಡಿತ್ತು.

"ನಾನೇ ಕಲಿಸಿದ್ದು," ಎಂದರು ಖದೀಜ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ. "ಫ್ಯಾಕ್ಟರಿಯಲ್ಲಿ ದೊಡ್ಡ ತಿರುಳಿನ ಡಬ್ಬಿಯಲ್ಲಿ ಸಣ್ಣದು ಸಿಕ್ಕಿದರೆ ಬೈಗುಳ ತಿನ್ನಲಿಕ್ಕೆ ನಿನ್ನ ಮೇಡಂ ಬರ್ತಾರಾ?"

ಆ ಕಡೆ ಮೇಡಂ ಜೋರಾಗಿ ನಕ್ಕರು. "ಅಲ್ಲಿ ನಿನ್ನ ಉಮ್ಮ ಹೇಳಿದ್ದೇ ಸರಿ. ನಮ್ಮ ಲೆಕ್ಕದಲ್ಲಿ ಮಾತ್ರ ಗೆರೆಯ ಮೇಲಿನದನ್ನು ಮೇಲಿನ ಗುಂಪಿಗೆ ಹತ್ತಿಸು. ಕಲಿಸುವಾಗ ನಾನೂ ಇದನ್ನು ಬಿಡಿಸಿ ಹೇಳಬೇಕಿತ್ತು."

ಆ ಮೂವರನ್ನು ಮೇಲಕ್ಕೆ ಹಾಕಿದಾಗ ಸರಾಸರಿ ಸರಿಯಾಗಿ ಒಂದು ಏರಿ ಪಠ್ಯಪುಸ್ತಕದ ಉತ್ತರಕ್ಕೆ ಸರಿಹೊಂದಿತು. ಎಂಬತ್ತೈದು ಮಂದಿಯಲ್ಲಿ ತನ್ನೊಬ್ಬಳ ಹದಿನಾಲ್ಕು ಪುಟವನ್ನು ಸಾಲು ಬಿಡದೆ ಓದಿದವರಿಗೆ ಫಾಹಿಮಾ "ಥ್ಯಾಂಕ್ಸ್ ಮೇಡಂ" ಎಂದಳು. ಸಾಲದೆನ್ನಿಸಿ ಮತ್ತೊಮ್ಮೆ ಅದನ್ನೇ ಹೇಳಿದಳು. "ನಿಮಗೆ ಒಳ್ಳೆಯದಾಗಲಿ ಅಂತ ಹೇಳು," ಎಂದು ಖದೀಜ ಪಕ್ಕದಿಂದ ತಿವಿದರು. ಅದನ್ನೂ ಹೇಳಿದಳು.

ಶನಿವಾರ ಹತ್ತಕ್ಕೆ ಎಂಟು ಬಂತು. ಸೋಮವಾರ ಖದೀಜ ಒಬ್ಬರೇ ಕೆಲಸಕ್ಕೆ ಹೋದರು. ಸೆಮಿಸ್ಟರ್ ಪರೀಕ್ಷೆ ಮುಂದಿನ ತಿಂಗಳು ಮೂಡುಬಿದಿರೆಯಲ್ಲಿ. ಅಂದು ಫಾಹಿಮಾ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಹೊರಡುತ್ತಾಳೆ.