ಕಬ್ಬಿನ ಹಾಲಿನ ಕಾಕ್‌ಟೇಲ್

ಕಬ್ಬು ಕಟಾವಿನ ಯಂತ್ರ ನಡೆಸೋದನ್ನು ನಮಗೆ ಕಲಿಸಲು ಬಂದಿದ್ದ ಜಪಾನಿನ ಎಂಜಿನಿಯರ್ ಒಬ್ಬರನ್ನು ಉಗಾರದ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಬರುವಾಗ ತಮ್ಮೂರಿನ ಅಕ್ಕಿ ಮದ್ಯ, ಸಾಕೆ ತಂದಿದ್ದರು. ನಮ್ಮ ಕಬ್ಬಿನ ಹಾಲಿಗೆ ಅದನ್ನು ಬೆರೆಸಿ, ಶುಂಠಿ ಜಜ್ಜಿ, ಲಿಂಬೆ ಹಿಂಡಿ, ಬರ್ಫ ಹಾಕಿ ಜಗ್ ತುಂಬಾ ಕಾಕ್‌ಟೇಲ್ ಮಾಡಿದರು. ಆ ಬಿಸಿಲಿಗೆ ಜೀವ ತಂಪಾಯಿತು.

ಅವ್ವ ಮದ್ಯ ಮುಟ್ಟುವವಳಲ್ಲ. ಆದರೆ ಬಡಿಸುವ ಹಕ್ಕು ಬಿಡಬೇಕಲ್ಲ! ಅವರ ಗ್ಲಾಸು ಖಾಲಿಯಾದಾಗಲೆಲ್ಲ "ಇನ್ನೊಂದ್ ಸ್ವಲ್ಪ ತಗೋರಿ" ಎಂದು ತುಂಬಿದಳು. ಅವರು ಪ್ರತಿ ಸಲ ಎದ್ದು ಬಾಗಿ ವಂದಿಸಿ, ಪೂರ್ತಿ ಕುಡಿದರು. ಮುಖ ಕೆಂಪಾದ ಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: "ಹಿರಿಯರು ಸುರಿದದ್ದನ್ನು ನಾನು ಬಿಡುವ ಹಾಗಿಲ್ಲ. ನಿಮ್ಮ ತಾಯಿ ಯಾವಾಗ ನಿಲ್ಲಿಸುತ್ತಾರೆ?"

ಅವ್ವನಿಗೆ ಹೇಳಿದೆ. ಅವಳು ಅಂದಳು: "ಖಾಲಿ ಗ್ಲಾಸಿನ ಮುಂದ ಮಂದೀನ ಕುಂದ್ರಸಾಕ ಬರ್ತೈತೇನ? ಮೊದಲ ಅವರಿಗೆ ಸ್ವಲ್ಪ ಬಿಡಾಕ ಹೇಳು, ಆಮ್ಯಾಲ ನಾ ನಿಲ್ಲಸ್ತೀನಿ."

ಕಡೆಗೆ ಜಗ್ಗೇ ಖಾಲಿಯಾಗಿ ಇಬ್ಬರ ಮರ್ಯಾದೆಯೂ ಉಳಿಯಿತು.

ಅವ್ವ ಈಗಿಲ್ಲ. ಬೇಸಿಗೆ ಬಂದರೆ ಅದೇ ಕಾಕ್‌ಟೇಲ್ ಮಾಡಿಕೊಳ್ಳುತ್ತೇನೆ, ಒಂದೇ ಗ್ಲಾಸಿಗೆ ಸಾಕೆನಿಸುತ್ತದೆ. ಗೆಳೆಯರು ನನ್ನನ್ನು ಮಿತಿ ಬಲ್ಲವನೆಂದು ಹೊಗಳುತ್ತಾರೆ. ಮಿತಿಯೂ ಇಲ್ಲ, ಮಣ್ಣೂ ಇಲ್ಲ. ಒತ್ತಾಯ ಮಾಡುವವರಿಲ್ಲ, ಅಷ್ಟೇ.